ತೊಳೆದಿಟ್ಟ ಬಾಟಲಿಗಳು

ಊಟ ಮುಗಿಸಿ ಬಂದು ನೋಡಿದರೆ, ನನ್ನ ಹಣ್ಣುನೊಣಗಳ ಬಾಟಲಿಗಳನ್ನೆಲ್ಲ ಯಾರೋ ಥಳಥಳ ತೊಳೆದು ಬೋರಲು ಹಾಕಿದ್ದರು. ಸೇಡಂನ ಕಾಲೇಜೊಂದರಲ್ಲಿ ತಳಿವಿಜ್ಞಾನದ ವಿಚಾರ ಸಂಕಿರಣ. ಮರುದಿನ ವಿದ್ಯಾರ್ಥಿಗಳಿಗೆ ತೋರಿಸಲೆಂದು ಬಿಳಿಗಣ್ಣಿನ ನೊಣಗಳನ್ನು ತಂದಿದ್ದೆ.

ತೊಳೆದವರು ಕೋಣೆ ಗುಡಿಸುವ ಶರಣಮ್ಮ. ನೊಣಗಳಿಗೆಂದು ರವೆ, ಬೆಲ್ಲ ಬೇಯಿಸಿ ಹಾಕಿದ್ದೆ. “ಸಜ್ಜಕ ಹಳಸಿ ನೊಣ ಆಗಿದ್ವುರಿ. ಬಂದ ಮಂದಿ ಏನಂದಾರು ಅಂತ ಹಾರಿಸಿ ತೊಳದೀನ್ರಿ” ಎಂದರು. ನಾನು ಗದರಿಬಿಟ್ಟೆ. ಅವು ಸಾಕಿದ ನೊಣ ಎಂದು ತಿಳಿದ ಮೇಲೆ ಅವರು ಒಂದು ಖಾಲಿ ಬಾಟಲಿ ಎತ್ತಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಮೇಜಿನ ಮೇಲೊಂದು ಬಾಟಲಿ. ಒಳಗೆ ಕಳಿತ ಬಾಳೆಹಣ್ಣು, ಅದಕ್ಕೆ ಮುತ್ತಿದ ನೊಣಗಳು, ಅವು ಹೊರಬರದಂತೆ ಬಾಯಿಗೆ ಕಾಗದದ ಆಲಿಕೆ. ಹಿಂದಿನ ಸಂಜೆಯೇ ಶರಣಮ್ಮ ಕಿಟಕಿ ಮುಚ್ಚಿ ಇಟ್ಟುಹೋಗಿದ್ದರಂತೆ. “ನಿಮ್ಮವು ಅದಾವೇನು ನೋಡ್ರಿ ಸರ್” ಎಂದು ಬಾಗಿಲಲ್ಲೇ ನಿಂತರು. ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಹೆಚ್ಚಿನವು ಕೆಂಗಣ್ಣಿನ ಊರ ನೊಣಗಳು. ಏಳು ಮಾತ್ರ ನನ್ನವು. ಅಷ್ಟು ಸಾಕಾಗಿತ್ತು. ವಿದ್ಯಾರ್ಥಿಗಳು ಬರುವ ಮೊದಲೇ ಶರಣಮ್ಮನವರನ್ನು ಕೂರಿಸಿ ತೋರಿಸಿದೆ. ಅವರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

ಆ ನೊಣಗಳ ಬಗ್ಗೆ ಊರೂರು ತಿರುಗಿ ಭಾಷಣ ಮಾಡಿದ್ದೇನೆ. ಅವುಗಳನ್ನಿಟ್ಟ ಕೋಣೆ ಗುಡಿಸುವವರಿಗೆ ಒಂದು ಮಾತೂ ಹೇಳಿರಲಿಲ್ಲ. ಈಗ ಎಲ್ಲಿ ಹೋದರೂ ಮೊದಲು ಅಲ್ಲಿ ಕೋಣೆ ಗುಡಿಸುವವರನ್ನೇ ಕರೆದು ತೋರಿಸುತ್ತೇನೆ.