ನಾನು ಆರಿಸಿದ ರೆಸಾರ್ಟಿಗೆ ಅವರು ಹೋದರು

ನಮ್ಮ ಮನೆಯವರು ಕೆರಿಬಿಯನ್ ಕಡೆ ಪ್ರವಾಸ ಹೋಗಬೇಕೆಂದು ಹೊರಟಿದ್ದಕ್ಕೆ ಸಮುದ್ರದ ಮೇಲಿನ ಪ್ರೀತಿ ಕಾರಣವಲ್ಲ. ಹೊನ್ನಾಳಿಯಿಂದಾಗಲಿ ಚನ್ನಗಿರಿಯಿಂದಾಗಲಿ ಅಲ್ಲಿಗೆ ಇನ್ನೂ ಯಾರೂ ಹೋಗಿರಲಿಲ್ಲ, ಅಷ್ಟೆ. ದುಬೈಗೆ ನಮ್ಮ ಬೀದಿಯವರೇ ಹೋಗಿ ಬಂದಿದ್ದರು. ಥಾಯ್ಲೆಂಡಿಗೆ ಗೊಬ್ಬರದ ಅಂಗಡಿಯವರನ್ನು ಕಂಪನಿಗಳೇ ಕರೆದುಕೊಂಡು ಹೋಗಿ ವಾಪಸ್ ತಂದು ಬಿಡುತ್ತವೆ. ಬಾಲಿಗೆ ಟೈಲ್ಸ್ ಅಂಗಡಿಯವನೊಬ್ಬ ಹೋಗಿ, ಅಲ್ಲಿಂದ ತಂದ ಮರದ ಮುಖವಾಡವನ್ನು ಗಲ್ಲಾದ ಹಿಂದೆ ಎಲ್ಲರಿಗೂ ಕಾಣುವಂತೆ ನೇತುಹಾಕಿದ್ದ. ಅದನ್ನು ನೋಡಿದಂದಿನಿಂದ ನನ್ನ ಭಾವನವರಿಗೆ, ಅಂದರೆ ಗಂಡನ ಅಣ್ಣನಿಗೆ, ತಿಂದ ಅನ್ನ ಮೈಗೆ ಹತ್ತಿರಲಿಲ್ಲ.

ಭಾವ ಹೊನ್ನಾಳಿಯಲ್ಲಿ ಮೆಕ್ಕೆಜೋಳದ ವ್ಯಾಪಾರಿ. ನಾವು ಚನ್ನಗಿರಿಯಲ್ಲಿದ್ದೇವೆ, ನನ್ನ ಗಂಡನದು ಅಡಿಕೆ ಮಂಡಿ, ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಅತ್ತೆ ನಮ್ಮ ಜೊತೆ ಇದ್ದಾರೆ. ನಾದಿನಿಯನ್ನು ನ್ಯಾಮತಿಗೆ ಕೊಟ್ಟಿದ್ದಾರೆ. ಮೂರು ಮನೆ ಸೇರಿ ಏನೇ ತೀರ್ಮಾನ ಮಾಡುವುದಿದ್ದರೂ ಅದು ಹೊನ್ನಾಳಿಯ ಭಾವನ ಮನೆಯ ಹಾಲಿನಲ್ಲೇ ಆಗಬೇಕು. ಅಲ್ಲಿಯೇ ಒಂದು ದಿನ ಭಾವ ನನ್ನ ಕಡೆ ತಿರುಗಿದರು.

“ಹೋದ್ರೆ ಯಾರೂ ಹೋಗದೇ ಇರೋ ಕಡೆ ಹೋಗಬೇಕು. ವೆಸ್ಟ್ ಇಂಡೀಸ್ ಕಡೆ ಯಾವ್ ರೆಸಾರ್ಟ್ ಚಲೋ ಐತೆ, ನೀನೇ ಹುಡುಕಮ್ಮ. ನಿಂಗೆ ಇಂಗ್ಲಿಷ್ ಬರ್ತತಲ್ಲ.”

ಇಂಗ್ಲಿಷ್ ಬರುತ್ತದೆ ಎಂಬ ಕಾರಣಕ್ಕೆ ನಾನು ಈ ಮನೆಯಲ್ಲಿ ಬ್ಯಾಂಕಿನ ಕಾಗದ ಓದಿದ್ದೇನೆ, ಔಷಧಿಯ ಚೀಟಿ ಓದಿದ್ದೇನೆ, ವಾಷಿಂಗ್ ಮೆಷಿನ್ನಿನ ಪುಸ್ತಕವನ್ನೂ ಓದಿ ಹೇಳಿದ್ದೇನೆ. ಇದೊಂದು ಕೆಲಸ ಮಾತ್ರ ನನಗೆ ಹಿಡಿಸಿತು. ಸುಳ್ಳು ಯಾಕೆ, ಬಹಳವೇ ಹಿಡಿಸಿತು. ಅಲ್ಲಿನ ರೆಸಾರ್ಟುಗಳಲ್ಲಿ ಎಲ್ಲವೂ ಸೇರಿಯೇ ಇರುತ್ತದೆ. ಬಂದ ಕೂಡಲೇ ಕೈಗೊಂದು ಪಟ್ಟಿ ಕಟ್ಟುತ್ತಾರೆ. ಆಮೇಲೆ ತಿಂಡಿ, ಊಟ, ಜ್ಯೂಸು, ಈಜುಕೊಳ, ದೋಣಿ, ಯಾವುದಕ್ಕೂ ಯಾರನ್ನೂ ಕೇಳಬೇಕಾಗಿಲ್ಲ. ರಾತ್ರಿಗೆ ಏನು ಮಾಡ್ತೀಯ ಎಂದು ನಿಮ್ಮನ್ನೂ ಯಾರೂ ಕೇಳುವುದಿಲ್ಲ. ಮದುವೆಯಾದಾಗಿನಿಂದ ನಾನು ಆ ಪ್ರಶ್ನೆಗೆ ಉತ್ತರ ಕೊಡುತ್ತಲೇ ಬಂದಿದ್ದೇನೆ.

ಇನ್ನೊಂದು ಆಸೆಯೂ ಇತ್ತು. ನಾನು ಜಗಳೂರಿನವಳು. ನಮ್ಮೂರಿನ ಬಯಲಿನಲ್ಲಿ ಕಣ್ಣು ಹಾಯಿಸಿದಷ್ಟು ದೂರ ಶೇಂಗಾ ಹೊಲ, ಕುರಿ ಹಿಂಡು; ಕಡಲನ್ನು ನಾನು ಕಂಡಿದ್ದು ಟೀಚರ್ ಆದ ಮೇಲೆ, ಶಾಲೆಯ ಪ್ರವಾಸದಲ್ಲಿ. ಅದನ್ನು ಕಂಡಿದ್ದು ಅನ್ನುವ ಹಾಗೂ ಇಲ್ಲ. ಬೆನ್ನು ಕಡಲಿಗೆ ಮಾಡಿ, ಮಕ್ಕಳ ತಲೆ ಎಣಿಸುತ್ತ, ಮುಂದೆ ಹೋದವರಿಗೆ ವಿಷಲ್ ಊದುತ್ತ ನಿಂತಿದ್ದೆ. ಪ್ರತಿ ಪ್ರವಾಸದಲ್ಲೂ ಹಾಗೆಯೇ. ಯಾರ ತಲೆಯನ್ನೂ ಎಣಿಸದೆ, ಯಾರಿಗೂ ಕಾಯದೆ, ಒಂದು ಸಲ ಮೊಣಕಾಲುದ್ದದ ನೀರಿನಲ್ಲಿ ಸುಮ್ಮನೆ ನಿಲ್ಲಬೇಕು ಅಂತ ನನಗಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಹಾಗಾಗಿ ಆ ಕೆಲಸವನ್ನು ಪರೀಕ್ಷೆಗೆ ಓದುವವಳ ಹಾಗೆ ಮಾಡಿದೆ. ಪಾಠವಿಲ್ಲದ ಪೀರಿಯಡ್ಡಿನಲ್ಲಿ ಸ್ಟಾಫ್ ರೂಮಿನ ಕಿಟಕಿ ಪಕ್ಕ ಕೂತು ಒಂದೊಂದೇ ರೆಸಾರ್ಟಿನ ಬಗ್ಗೆ ಓದಿದೆ. ಜೂನ್ ಮೇಲೆ ಆ ಕಡೆ ಚಂಡಮಾರುತದ ಕಾಲವಂತೆ, ಅದಕ್ಕೆ ಏಪ್ರಿಲ್ ರಜೆಯೇ ಸರಿ. ಫೋಟೋದಲ್ಲಿ ಹಾಲಿನಂಥ ಮರಳು ತೋರಿಸುವ ಒಂದು ಕಡೆ, ಕಂದು ಪಾಚಿ ರಾಶಿ ಬಿದ್ದು ಕೊಳೆತು ನಾರುತ್ತದೆ ಎಂದು ಹೋಗಿ ಬಂದವರು ಬೈದು ಬರೆದಿದ್ದರು. ಇನ್ನೊಂದು ಕಡೆ ಮಕ್ಕಳನ್ನೇ ಒಳಗೆ ಬಿಡುವುದಿಲ್ಲ. ಮತ್ತೊಂದರಲ್ಲಿ ಸಸ್ಯಾಹಾರ ಎಂದರೆ ಮೀನು. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ, ಅಂದರೆ ಅತ್ತೆಯ ಕಣ್ಣೆದುರಿಗೆ ಮುಟ್ಟದ ಮನೆ. ಕೊನೆಗೆ ಒಂದು ಸಣ್ಣ ದ್ವೀಪದ ರೆಸಾರ್ಟಿಗೆ ನಾನೇ ಇಮೇಲ್ ಬರೆದು, ಮೀನು ಮೊಟ್ಟೆ ಇಲ್ಲದ ಊಟ ಸಿಗುತ್ತದೆಯೇ ಎಂದು ಕೇಳಿದೆ. ಉತ್ತರ ಬರೆದವಳು ಅಲ್ಲಿಯ ಅಡುಗೆಯವಳು. ಅವಳ ಮುತ್ತಜ್ಜಿಯ ಕಡೆಯವರನ್ನು ಕಬ್ಬಿನ ತೋಟದ ಕೂಲಿಗೆಂದು ಇಂಡಿಯಾದಿಂದ ಹಡಗಿನಲ್ಲಿ ಕರೆತಂದಿದ್ದರಂತೆ. ತಮ್ಮ ಮನೆಯಲ್ಲಿ ಈಗಲೂ ರೊಟ್ಟಿ, ಕಡಲೆಕಾಳಿನ ಪಲ್ಯ ಮಾಡುತ್ತೇವೆ, ನೀವು ಬನ್ನಿ, ನಿಮಗೂ ಮಾಡಿಕೊಡುತ್ತೇನೆ ಎಂದು ಬರೆದಿದ್ದಳು. ಆ ಇಮೇಲನ್ನು ಓದಿ ಅದೇ ರೆಸಾರ್ಟ್ ಎಂದು ತೀರ್ಮಾನಿಸಿದೆ. ಭಾವನೂ ಒಪ್ಪಿದರು. ಆ ದ್ವೀಪದ ಹೆಸರನ್ನೇ ಹೊನ್ನಾಳಿಯಲ್ಲಿ ಯಾರೂ ಕೇಳಿರಲಿಲ್ಲವಾದ್ದರಿಂದ ಅವರಿಗೆ ಪರಮಾನಂದ.

ಮೊಣಕಾಲು ನೋವಿನ ಅತ್ತೆ ಅಷ್ಟು ದೂರ ಬರುವ ಹಾಗಿರಲಿಲ್ಲ. ಅದಕ್ಕೂ ದಾರಿ ಮಾಡಿದ್ದೆ. ನನ್ನ ಅವ್ವ ಜಗಳೂರಿನಿಂದ ಬಂದು ಅವರ ಜೊತೆ ಇರುವುದೆಂದು ಮಾತಾಗಿತ್ತು. ಇಬ್ಬರಿಗೂ ಚೆನ್ನಾಗಿ ಹೊಂದುತ್ತದೆ, ಇಬ್ಬರಿಗೂ ಒಂದೇ ಧಾರಾವಾಹಿಯ ಹುಚ್ಚು.

ಇಲ್ಲಿ ನಮ್ಮ ಕಡೆಯ ಒಂದು ರೀತಿ ಹೇಳಬೇಕು. ನಮ್ಮಲ್ಲಿ ಹೆಣ್ಣುಮಕ್ಕಳು ಯಾವುದಕ್ಕೂ ಮೊದಲ ಸಲಕ್ಕೇ ಹ್ಞೂಂ ಅನ್ನುವ ಹಾಗಿಲ್ಲ. ಕಾಫಿ ಕೊಟ್ಟರೆ ಈಗ ಕುಡಿದೇ ಬಂದೆ ಅನ್ನಬೇಕು. ಸೀರೆ ಕೊಟ್ಟರೆ ಇದೆಲ್ಲ ಯಾಕ್ರಿ ಅನ್ನಬೇಕು. ಹೋಳಿಗೆ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿಯಬೇಕು, ಬಡಿಸುವವರು ಆ ಕೈ ಸರಿಸಿ ಹಾಕಬೇಕು. ಕೈ ಅಡ್ಡ ಬಂತೆಂದು ಮುಂದಿನ ಎಲೆಗೆ ಹೋಗಿಬಿಟ್ಟರೆ ಅದು ಮರ್ಯಾದೆಯಲ್ಲ. ನನ್ನ ಅವ್ವ ನನಗೆ ಅಕ್ಷರಕ್ಕಿಂತ ಮೊದಲು ಕಲಿಸಿದ್ದು ಇದನ್ನು.

ಯಾರ್ಯಾರು ಹೋಗುವವರು ಎಂದು ದಾವಣಗೆರೆಯ ಏಜೆಂಟನಿಗೆ ಹೇಳಬೇಕಾದ ಭಾನುವಾರ ಎಲ್ಲರೂ ಹೊನ್ನಾಳಿಯಲ್ಲಿ ಸೇರಿದ್ದೆವು. ಓರಗಿತ್ತಿ, ಎಂದರೆ ಭಾವನ ಹೆಂಡತಿ, ಮಂಡಕ್ಕಿ ಮಿರ್ಚಿ ತಂದಿಟ್ಟರು. ಏಜೆಂಟ್ ಫೋನಿನ ಆ ಕಡೆ ಕಾಯುತ್ತಿದ್ದ. ಭಾವ ಒಬ್ಬೊಬ್ಬರ ಹೆಸರು ಹೇಳುತ್ತ ತಂಗಿಯ ಹತ್ತಿರ ಬಂದರು. ನಾದಿನಿ ರೀತಿ ತಪ್ಪಲಿಲ್ಲ.

“ನಾನೆಲ್ಲಿ ಬರ್ಲಿ ಅಣ್ಣ, ಮನೇಲಿ ಎಮ್ಮೆ ಈಯಾಕೆ ಬಂದೈತೆ.”

“ಎಮ್ಮೆ ನೋಡ್ಕೊಳ್ಳಾಕೆ ಆಳು ಅದಾರೆ. ಸುಮ್ನೆ ಬಾ,” ಅಂದರು ಭಾವ.

“ನೀನು ಬರಲ್ಲ ಅಂದ್ರೆ ನಾನೂ ಹೋಗಲ್ಲ ನೋಡು,” ಅಂದರು ನನ್ನ ಗಂಡ.

ನಾನೂ ಎದ್ದು ಹೋಗಿ ಅವಳ ಕೈ ಹಿಡಿದುಕೊಂಡೆ. ನೀನಿಲ್ಲದೆ ಹೆಂಗಮ್ಮ, ಬಾ ಅಂದೆ. ಅವಳು ಇನ್ನೆರಡು ಸಲ ಬೇಡವೆಂದು, ಸೆರಗಿನಿಂದ ಕಣ್ಣು ಒರೆಸಿಕೊಂಡು, “ಇಷ್ಟು ಹೇಳ್ತೀರಿ ಅಂದ್ರೆ ಬರ್ತೀನಪ್ಪ” ಅಂದಳು. ಎಲ್ಲರಿಗೂ ಸಮಾಧಾನವಾಯಿತು.

ಆಮೇಲೆ ನನ್ನ ಸರದಿ. ಅವಳು ಅಷ್ಟೆಲ್ಲ ಬೇಡ ಅಂದ ಮೇಲೆ ನಾನು ಗಬಕ್ಕನೆ ಹ್ಞೂಂ ಅನ್ನುವುದು ಹೇಗೆ? ಬಾಯಿಗೆ ಬಂದದ್ದನ್ನು ಹೇಳಿದೆ.

“ನಾನು ಯಾಕ್ರಿ ಭಾವ, ನೀವೆಲ್ಲ ಹೋಗಿ ಬರ್ರಿ. ಅತ್ತೆ ಒಬ್ರೇ ಆಗ್ತಾರೆ.”

“ಹೌದಲ್ಲ,” ಅಂದರು ಭಾವ. “ಅವ್ವನ ಹತ್ರ ಮನೆಯೋರೇ ಒಬ್ರು ಇದ್ರೆ ಧೈರ್ಯ. ಸರಿ ಬಿಡಮ್ಮ.” ಫೋನಿಗೆ ಬಾಯಿ ಹಚ್ಚಿ, “ಒಬ್ರು ಕಮ್ಮಿ ಮಾಡ್ಕಳ್ರಿ” ಅಂದರು.

ನಾನು ಕಾದೆ. ಮುಖದ ಮೇಲೆ ಇದ್ದ ನಗುವನ್ನು ಹಾಗೇ ಇಟ್ಟುಕೊಂಡು ಕಾದೆ. ನನ್ನ ಅವ್ವ ಬರುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಓರಗಿತ್ತಿ ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ನಾದಿನಿ ತನ್ನ ಗಂಡನಿಗೆ ಎಮ್ಮೆಯ ವಿಷಯ ಹೇಳುತ್ತಿದ್ದಳು. ನನ್ನ ಗಂಡ ಮೋಸಂಬಿ ಸುಲಿಯುತ್ತಿದ್ದರು. ಒಂದು ತೊಳೆ ಬಾಯಿಗೆ ಹಾಕಿಕೊಂಡು, ಬೀಜ ಅಂಗೈಗೆ ಉಗಿದು, ಇನ್ನೊಂದು ತೊಳೆ ಬಿಡಿಸಿದರು. ನನ್ನ ಕಡೆ ತಲೆ ಎತ್ತಲಿಲ್ಲ. ಅಷ್ಟರಲ್ಲಿ ಮಾತು ವಿಮಾನದ ಕಡೆ ಹೋಯಿತು.

ಮನೆಗೆ ಬಂದ ಮೇಲೆ ಕೇಳಿದೆ. “ನೀನೇ ಬ್ಯಾಡ ಅಂದ್ಯಲ್ಲ,” ಅಂದರು. ತಂಗಿಯೂ ಬೇಡ ಅಂದಿದ್ದಳಲ್ಲ ಎಂದೆ. “ಅವಳು ಸುಮ್ನೆ ಅಂದಿದ್ದು,” ಅಂದರು. ಅವಳದು ಸುಮ್ಮನೆ ಅಂದಿದ್ದೆಂದು ಗೊತ್ತಾಗುವವರಿಗೆ ನನ್ನದು ಯಾಕೆ ಗೊತ್ತಾಗುವುದಿಲ್ಲ? ಗೊತ್ತಾಗದೆ ಏನು, ಚೆನ್ನಾಗಿ ಗೊತ್ತಿತ್ತು. ನಾನು ಉಳಿದರೆ ಅವರಿಗೆ ಅನುಕೂಲವಿತ್ತು, ನನ್ನ ಮಾತಿನಿಂದಲೇ ನನ್ನನ್ನು ಕಟ್ಟಿಹಾಕಿದರು. ಅಮ್ಮ ಯಾಕೆ ಬರಲ್ಲ ಎಂದು ಪಿಯುಸಿ ಓದುವ ನಮ್ಮ ಮಗಳು ಕೇಳಿದ್ದಕ್ಕೆ, ಅಮ್ಮಂಗೆ ವಿಮಾನ ಅಂದರೆ ತಲೆ ಸುತ್ತುತ್ತದೆ ಎಂದು ಹೇಳಿದರಂತೆ. ನಾನು ಈವರೆಗೆ ವಿಮಾನವನ್ನೇ ಹತ್ತಿಲ್ಲ.

ನನ್ನ ಜಾಗಕ್ಕೆ ನಾದಿನಿಯ ಓರಗಿತ್ತಿಯನ್ನು ಸೇರಿಸಿದರು. ಬರ್ತೀಯಾ ಎಂದು ಫೋನಿನಲ್ಲಿ ಕೇಳಿದ ಕೂಡಲೇ ಅವಳು ಹ್ಞೂಂ ಅಂದಳಂತೆ.

ಜಗಳೂರಿಗೆ ಫೋನ್ ಮಾಡಿ, ನೀನು ಬರುವುದು ಬೇಡ ಎಂದು ಅವ್ವನಿಗೆ ಹೇಳಿದೆ. ಕಾರಣ ಕೇಳಿದಳು, ಹೇಳಿದೆ.

“ಎರಡನೇ ಸಲ ಯಾರೂ ಕೇಳ್ಲಿಲ್ಲಾ?”

“ಇಲ್ಲವ್ವ.”

“ತವರುಮನೇಲಿ ಹೆಂಗಿರಬೇಕು ಅನ್ನೋದನ್ನ ಕಲಿಸಿದೆ,” ಅಂದಳು. “ಗಂಡನ ಮನೇಲಿ ಅದು ನಡೆಯಲ್ಲ ಅಂತ ಹೇಳಾಕೆ ಮರ್ತುಬಿಟ್ಟೆ ನೋಡು.”

ಅವರು ಹೋದರು. ಅಲ್ಲಿ ತಿಂಡಿಯ ಹೊತ್ತಾದರೆ ಇಲ್ಲಿ ನಾನು ದೇವರಿಗೆ ಸಂಜೆಯ ದೀಪ ಹಚ್ಚುವ ಹೊತ್ತು. ಸರಿಯಾಗಿ ಆಗಲೇ ವಿಡಿಯೋ ಕಾಲ್. ಕುಶಲ ಕೇಳುವುದಕ್ಕಲ್ಲ. ಟವೆಲ್ ಎಲ್ಲಿ ಕೊಡ್ತಾರೆ, ದೋಣಿಗೆ ಮೊದಲೇ ಹೇಳಬೇಕಾ, ಇಲ್ಲಿನ ಸೂಪಿನಲ್ಲಿ ಮೀನು ಐತಾ ಕೇಳಿ ಹೇಳು. ಈಜುಕೊಳ ದಾಟಿ ಎಡಕ್ಕೆ ಹೋಗಿ ಎಂದು ನಾನು ಚನ್ನಗಿರಿಯ ಅಡುಗೆಮನೆಯಲ್ಲಿ ನಿಂತು ಹೇಳುತ್ತಿದ್ದೆ. ಕಲಿತದ್ದನ್ನು ಮರೆಯಲಾಗದ ಕರ್ಮ. ಪಕ್ಕದಲ್ಲಿ ಅತ್ತೆ ಕೂತು, ನೀನು ಇದ್ದದ್ದು ಒಳ್ಳೇದಾತು ಬಿಡು, ರಾತ್ರಿಗೆ ಏನು ಮಾಡ್ತೀಯ, ಅನ್ನುತ್ತಿದ್ದರು.

ಒಂದು ಸಂಜೆ ನಾದಿನಿ ಫೋನನ್ನು ಆ ಅಡುಗೆಯವಳ ಕೈಗೆ ಕೊಟ್ಟಳು. ದಪ್ಪನೆಯ ಹೆಂಗಸು, ತಲೆಗೆ ಬಿಳಿ ಟೋಪಿ, ನಮ್ಮ ಜಗಳೂರಿನ ಸಂತೆಯಲ್ಲಿ ಎಲ್ಲಿ ಬೇಕಾದರೂ ಕಾಣುವ ಮುಖ. ಇಮೇಲ್ ಬರೆದ ಟೀಚರ್ ನೀವೇನಾ ಎಂದು ಕೇಳಿದಳು. ಹೌದೆಂದೆ. ನಿಮಗೆಂದು ರೊಟ್ಟಿ ಮಾಡಿದ್ದೆ, ನೀವೇ ಬರಲಿಲ್ಲವಲ್ಲ, ಬನ್ನಿ ಅಂದಳು. ಮುಂದೆ ಯಾವಾಗಾದರೂ ನೋಡೋಣ ಎಂದೆ. ಇಲ್ಲ, ಹಾಗಲ್ಲ, ನೀವು ಬರಲೇಬೇಕು ಎಂದು ಮತ್ತೆ ಅಂದಳು. ಫೋನ್ ಇಟ್ಟು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕಣ್ಣೀರು ಹಾಕಿದೆ.

ಈ ವರ್ಷ ಮತ್ತೆ ಹೊನ್ನಾಳಿಯ ಹಾಲಿನಲ್ಲಿ ಸೇರಿದೆವು. ಟೈಲ್ಸ್ ಅಂಗಡಿಯವನು ಸೋತಿದ್ದ. ಭಾವನಿಗೆ ಈಗ ತಮ್ಮ ದಾಖಲೆಯನ್ನೇ ಮುರಿಯುವ ಆಸೆ.

“ಅದೇ ಕಡೆ ಇನ್ನೊಂದು ದ್ವೀಪ ನೋಡಮ್ಮ. ಹೋದ ಸಲ ಚಲೋ ಆರಿಸಿದ್ದೆ.”

“ನೋಡ್ತೀನಿ ಭಾವ,” ಅಂದೆ. “ಈ ಸಲ ನಾನೂ ಬರ್ತೀನಿ. ಅತ್ತೆ ಹತ್ರ ನಮ್ಮವ್ವ ಇರ್ತಾಳೆ. ಏಜೆಂಟ್‌ಗೆ ಮೊದಲು ನನ್ನ ಹೆಸರು ಹೇಳ್ರಿ.”

ನಾನೇನೋ ಆಡಬಾರದ್ದನ್ನು ಆಡಿದೆ ಅನ್ನುವ ಹಾಗೆ ಎಲ್ಲರೂ ನನ್ನ ಮುಖ ನೋಡಿದರು. ನಾದಿನಿ ಬಳೆ ತಿರುಗಿಸುತ್ತ ಕೂತಳು. “ಬಾರಮ್ಮ, ಬ್ಯಾಡ ಅಂದೋರು ಯಾರು,” ಎಂದು ಭಾವ ನಕ್ಕರು. ಆ ನಗುವಿಗೆ ಜೊತೆಯಾಗಿ ಯಾರೂ ನಗಲಿಲ್ಲ.

ಕಾರು ಹೊನ್ನಾಳಿ ದಾಟಿದ ಮೇಲೆ ನನ್ನ ಗಂಡ ಬಾಯಿ ತೆರೆದರು. “ಹಂಗೆ ಬಾಯಿಬಿಟ್ಟು ಕೇಳೋದಾ? ಅಷ್ಟು ಜನರ ಮುಂದೆ ನಾನು ಮುಖ ಎಲ್ಲಿ ಇಟ್ಕೊಳ್ಳಲಿ?”

“ನಾನು ಕೇಳ್ಲಿಲ್ಲ. ಹೇಳಿದೆ.”

ಅವತ್ತಿನಿಂದ ನಮ್ಮಿಬ್ಬರಲ್ಲಿ ಬೇಕಾದಷ್ಟೇ ಮಾತು. ನ್ಯಾಮತಿಯವರೆಗೂ ಸುದ್ದಿ ಹೋಗಿದೆ, ಚನ್ನಗಿರಿಯ ಸೊಸೆ ಆಸೆಬುರುಕಿಯಂತೆ ಎಂದು. ಹೌದು, ಆಸೆಬುರುಕಿಯೇ. ಬಾ ಎಂದು ನನ್ನನ್ನು ಮನಸಾರೆ ಕರೆದವರು ಈ ಮನೆಯಲ್ಲಿ ಒಬ್ಬರೂ ಇಲ್ಲ. ಏಪ್ರಿಲ್‌ನಲ್ಲಿ ನಾನು ಹೋಗುತ್ತಿದ್ದೇನೆ.