ಹಿಂದಿನ ಬೆಂಚಿನ ಹೆಲನ್ ಮೇಡಂ

ಈ ಪರದೇಶದ ಊರಿನ ಹೈರಿಡ್ಜ್ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆಯ ಹೆಲನ್ ಮೇಡಂ ಮಂಗಳೂರು ಕಡೆಯವರು, ಮೂವತ್ತು ವರ್ಷ ಇಲ್ಲಿನ ಕಾಲೇಜಿನಲ್ಲಿ ಪಾಠ ಹೇಳಿದವರು. ಅವರು ಮೆಟ್ಟಿಲ ಮೇಲೆ ಮಾತಿಗೆ ನಿಂತರೆ ನಮ್ಮ ಒಲೆಯ ಮೇಲಿನ ಹಾಲು ಉಕ್ಕಿಯೇ ಉಕ್ಕುತ್ತದೆ. ಅಂಥವರು ನಿವೃತ್ತಿಯ ನಂತರ ಆರಿಸಿಕೊಂಡದ್ದು ಬಾಯಿ ಮುಚ್ಚಿಕೊಂಡು ಕೂರುವ ಕೆಲಸ. ನಂಬದವರಲ್ಲಿ ನಾನೇ ಮೊದಲಿಗಳು.

ಒಂದು ಬಡ ಸಂಸಾರದ ಕೈ ಹಿಡಿದರೆ ಅದು ತನ್ನ ಕಾಲ ಮೇಲೆ ನಿಲ್ಲುವವರೆಗೆ ಅವರು ಇನ್ನೊಂದರ ತಂಟೆಗೆ ಹೋಗುವುದಿಲ್ಲ. ಹಳೇ ಬಟ್ಟೆ, ಅಕ್ಕಿ ಹಂಚುವುದೂ ಇಲ್ಲ. ಶಾಲೆ, ಆಸ್ಪತ್ರೆ, ಕಚೇರಿ, ಎಲ್ಲಿಗೆ ಹೋಗಲು ಆ ಮನೆಯವರು ಹಿಂಜರಿಯುತ್ತಾರೋ ಅಲ್ಲಿಗೆ ಮಟಾಟು ಎಂಬ ಬಾಡಿಗೆ ವ್ಯಾನು ಹತ್ತಿ ಜೊತೆಗೆ ಹೋಗುತ್ತಾರೆ.

ಮೊದಮೊದಲು ಮಾತನ್ನೂ ತಾವೇ ಆಡುತ್ತಿದ್ದರು. ಕೆಲಸ ಬೇಗ ಆಗುತ್ತಿತ್ತು. ಆದರೆ ಗುಮಾಸ್ತರು ಈ ಇಂಡಿಯನ್ ಹೆಂಗಸಿನ ಮುಖ ನೋಡಿಯೇ ಉತ್ತರಿಸುತ್ತಿದ್ದರು. ಅರ್ಜಿ ಯಾರದೋ ಅವಳು ಪಕ್ಕದಲ್ಲಿ ಮನೆಗೆಲಸದವಳ ಹಾಗೆ ನಿಂತಿರುತ್ತಿದ್ದಳು. ಮುಂದಿನ ಸಲಕ್ಕೂ ಮೇಡಂ ಬೇಕೇ ಬೇಕು. ತಪ್ಪು ತಮ್ಮದೇ ಎಂದು ಹೊಳೆದ ದಿನ ಅವರು ಹಿಂದಿನ ಬೆಂಚಿಗೆ ಸರಿದರು.

ಪಂಗಾನಿ ಬಡಾವಣೆಯ ಸಿಲ್ವಿಯಾ ಎರಡು ಮಕ್ಕಳ ತಾಯಿ, ಮನೆಮನೆಯ ಬಟ್ಟೆ ಒಗೆದು ಸಂಸಾರ ತೂಗಿಸುತ್ತಿದ್ದವಳು. ಚಪಾತಿ ಮಾಡಿ ಮಾರಲು ಮಾರುಕಟ್ಟೆಯಲ್ಲಿ ಅವಳಿಗೊಂದು ಪುಟ್ಟ ಮಳಿಗೆ ಮಂಜೂರಾಗಬೇಕಿತ್ತು. ಎರಡು ಸಲ ಅರ್ಜಿ ವಾಪಸ್ಸಾಗಿತ್ತು. ನಾವು ನಗರಸಭೆಯ ಕಚೇರಿಗೆ ಹೋದ ದಿನವೇ ಮೂರನೆಯದಕ್ಕೆ ಕಡೆಯ ದಿನ. ಇಬ್ಬರನ್ನೂ ಕಾರಿನಲ್ಲಿ ಕರೆದುಕೊಂಡು ಹೋದ ನಾನೂ ಮೇಡಂ ಜೊತೆ ಹಿಂದಿನ ಬೆಂಚಿನಲ್ಲಿ ಕೂತೆ.

ಅಧಿಕಾರಿ ಸಿಲ್ವಿಯಾಳ ತಲೆಯ ಮೇಲಿಂದ ಮೇಡಂ ಅವರನ್ನು ನೋಡಿ, ನಿಮ್ಮ ಕೆಲಸದವಳಿಗೆ ಏನಾಗಬೇಕು ಎಂದು ಕೇಳಿದ. ಮೈಯೆಲ್ಲ ಉರಿದು ನಾನು ಎದ್ದೇಬಿಟ್ಟೆ. ಮೇಡಂ ತೋಳು ಹಿಡಿದು ಎಳೆದರು.

“ಸುಮ್ಮನೆ ಕೂತ್ಕೊಳ್ಳಿ ಮಾರಾಯ್ರೆ. ಅದು ಅವಳ ಅಪ್ಲಿಕೇಶನ್.”

ಸಿಲ್ವಿಯಾ ತಿರುಗಿ ನೋಡಿದಳು. ಮೇಡಂ ತುಟಿ ಬಿಚ್ಚಲಿಲ್ಲ. ಅವಳು ಕಾಗದಗಳನ್ನು ಮೇಜಿನ ಮೇಲೆ ಹರಡಿ, ಆರೋಗ್ಯ ತಪಾಸಣೆಯ ಚೀಟಿಯಿಂದ ಶುರುಮಾಡಿ ಒಂದೊಂದನ್ನೇ ತೋರಿಸಿದಳು. ಈ ಸಲವೂ ಆಗದಿದ್ದರೆ ಕಾರಣವನ್ನು ಬರೆದುಕೊಡಿ ಎಂದಳು. ದನಿ ಮೊದಲು ನಡುಗಿತು, ಆಮೇಲೆ ನಡುಗಲಿಲ್ಲ. ಅಧಿಕಾರಿ ಆಗ ಅವಳ ಮುಖ ನೋಡಿದ. ಅರ್ಧ ಗಂಟೆಯಲ್ಲಿ ಸಹಿ ಬಿತ್ತು.

ಹೊರಗೆ ಬಂದ ಮೇಲೆ ಮೇಡಂ, ಸೋಮವಾರ ಮಗಳ ಶಾಲೆಗೆ ಎಷ್ಟು ಗಂಟೆಗೆ ಬರಲಿ ಎಂದು ಕೇಳಿದರು.

“ಅಸಾಂಟೆ ಮೇಡಂ, ತುಂಬಾ ಉಪಕಾರ ಆಯ್ತು. ಶಾಲೆಗೆ ನಾನೊಬ್ಬಳೇ ಹೋಗ್ತೀನಿ,” ಎಂದಳು ಸಿಲ್ವಿಯಾ.

ಕಾರಿನಲ್ಲಿ ಮೇಡಂ ಕಣ್ಣೊರೆಸಿಕೊಂಡರು. ಬೇಜಾರಾಯಿತೇ ಎಂದೆ.

“ಆಯ್ತು,” ಎಂದರು. “ಇದಕ್ಕೇ ಅಲ್ವಾ ಒಂದು ವರ್ಷ ಅವಳ ಹಿಂದೆ ತಿರುಗಿದ್ದು.”