ದೊಡ್ಡಮ್ಮನಿಗೆ ‘ಇಲ್ಲ’ ಎನ್ನಲು ಕಲಿಸಿದ್ದು

ಸೌಟು ಕೆಳಗೆ ಬಿತ್ತು.

ಬೆಳಗ್ಗೆ ನನಗೆ ಗಂಜಿ ಬಡಿಸುತ್ತಿದ್ದ ದೊಡ್ಡಮ್ಮ ಅದನ್ನು ಹೆಕ್ಕಲು ಬಗ್ಗಲಿಲ್ಲ. ಬಿದ್ದದ್ದು ಅವಳಿಗೆ ಗೊತ್ತೇ ಆದಂತಿರಲಿಲ್ಲ. ಬಲಗೈ ಜೋತುಬಿದ್ದಿತ್ತು. ಎಂತಾಯಿತು ಅಂತ ಕೇಳಿದೆ. ಬಾಯಿ ತೆರೆದಳು. ಒಂದು ಬದಿ ಮಾತ್ರ ತೆರೆಯಿತು. ಬಂದದ್ದು ಮಾತಲ್ಲ, ಬರೀ ಒಂದು ಸ್ವರ.

ಕೋಡಿಂಬಾಳದಿಂದ ಪುತ್ತೂರಿನವರೆಗೆ ರಿಕ್ಷಾದಲ್ಲಿ ಅವಳ ತಲೆ ನನ್ನ ಭುಜದ ಮೇಲಿತ್ತು. ದಾರಿಯುದ್ದಕ್ಕೂ ರಸ್ತೆಯ ಹೊಂಡಗಳಿಗೆ, ರಿಕ್ಷಾದವನಿಗೆ, ಸಿಕ್ಕಸಿಕ್ಕವರಿಗೆಲ್ಲ ಬೈದೆ. ಸಿ.ಟಿ. ಸ್ಕ್ಯಾನ್ ಆಯಿತು. ಡಾಕ್ಟರು ಒಳ್ಳೆಯವರು, ಕೂರಿಸಿ ನಿಧಾನಕ್ಕೆ ಹೇಳಿದರು. ಸ್ಟ್ರೋಕ್. ಮೆದುಳಿನ ಎಡಗಡೆ ರಕ್ತ ಹೆಪ್ಪುಗಟ್ಟಿದೆ. ಜೀವಕ್ಕೆ ತೊಂದರೆಯಾಗಲಿಕ್ಕಿಲ್ಲ. ಬಲಗೈ, ಬಲಗಾಲು, ಮಾತು ಎಷ್ಟು ಹಿಂದೆ ಬರುತ್ತದೆ ಎಂದು ಈಗ ಹೇಳಲಾಗದು. ಮೊದಲ ಕೆಲವು ತಿಂಗಳು ಫಿಸಿಯೋಥೆರಪಿ ಸರಿಯಾಗಿ ಸಿಕ್ಕಿದರೆ ಬರಬಹುದು. ತಡ ಮಾಡಿದರೆ ಆಸೆ ಕಡಿಮೆ.

ಆಮೇಲೆ ಬಿಲ್ಲಿಂಗ್ ಕೌಂಟರ್.

ನಾನು ಪುತ್ತೂರಿನ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಸಂಬಳದಿಂದ ಹಿಡಿದುಕೊಂಡು ಅವರು ಕೊಟ್ಟ ಆರೋಗ್ಯ ಕಾರ್ಡ್ ಒಂದು ನನ್ನ ಹತ್ತಿರ ಇದೆ. ಈವರೆಗೆ ಒಂದು ಜ್ವರದ ಮಾತ್ರೆಗೂ ಅದನ್ನು ಬಳಸಿದವನಲ್ಲ. ಈಗ ಧೈರ್ಯವಾಗಿ ಕೌಂಟರಿನ ಮೇಲಿಟ್ಟೆ. ಪೇಶೆಂಟು ನಿಮಗೆ ಎಂತ ಆಗಬೇಕು ಎಂದು ಅಲ್ಲಿದ್ದ ಹುಡುಗಿ ಕೇಳಿದಳು. ದೊಡ್ಡಮ್ಮ, ಅಮ್ಮನ ಅಕ್ಕ ಅಂದೆ.

"ತಾಯಿ ಆದ್ರೆ ಆಗ್ತದೆ ಸರ್. ತಾಯಿಯ ಅಕ್ಕ ಆದ್ರೆ ಆಗುದಿಲ್ಲ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ನನ್ನ ಅಮ್ಮ ತೀರಿಕೊಂಡಾಗ ನಾನು ಮೂರನೇ ಕ್ಲಾಸು. ತಮ್ಮ ದಿನೇಶನಿಗೆ ಚಡ್ಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ತಂಗಿ ತೊಟ್ಟಿಲಲ್ಲಿ. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ದೊಡ್ಡಮ್ಮ ನಮ್ಮ ಮೂವರನ್ನು ಎತ್ತಿಕೊಂಡಳು. ಅವಳ ಹೊಟ್ಟೆಯಲ್ಲಿ ಮಕ್ಕಳಾಗಿರಲಿಲ್ಲ. ಕೂಲಿಗೆ ಹೋಗಿ ಸಾಕಿದಳು. ಆಮೇಲೆ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದಳು. ಪ್ರಾಯ ಆಯಿತೆಂದು ಬಿಡಿಸಿದಾಗ ಒಂದು ಶಾಲು ಹೊದಿಸಿದರು. ಪೆನ್ಶನ್ ಇಲ್ಲ, ಎಂತ ಮಣ್ಣೂ ಇಲ್ಲ.

ನಮ್ಮ ತುಳುವರಲ್ಲಿ ಹೆಂಗಸಿಗೆ ತಂಗಿಯ ಮಕ್ಕಳೆಂದರೆ ಮಕ್ಕಳೇ. ಅವರನ್ನು ಕರೆಯಲು ಬೇರೆ ಶಬ್ದವೇ ಇಲ್ಲ. ಶಬ್ದವೇ ಇಲ್ಲದ ಮೇಲೆ ಆ ವ್ಯತ್ಯಾಸ ನಮ್ಮ ತಲೆಗೆ ಎಲ್ಲಿಂದ ಬರಬೇಕು?

ಸಾಲ ಮಾಡಿ ಬಿಲ್ಲು ಕಟ್ಟಿದೆ. ಕಟ್ಟುವಾಗ ಯಾರೂ ಸಂಬಂಧ ಕೇಳಲಿಲ್ಲ.

ಮನೆಗೆ ಕರೆತಂದ ಮೇಲೆ ಗೊತ್ತಾಯಿತು, ಆಸ್ಪತ್ರೆಯ ಖರ್ಚು ಒಮ್ಮೆಯದು, ಮನೆಯ ಖರ್ಚು ನಿತ್ಯದ್ದು. ನ್ಯಾಪಿ, ಕ್ಯಾಥೆಟರ್, ಬೆಡ್‌ಸೋರ್ ಆಗದ ಹಾಗೆ ಗಾಳಿಯ ಹಾಸಿಗೆ. ಗಳಿಗೆಗೊಮ್ಮೆ ಮಗ್ಗುಲು ಬದಲಿಸಬೇಕು. ಹೋಮ್ ನರ್ಸ್ ಕಳಿಸುವ ಏಜೆನ್ಸಿಗೆ ಫೋನ್ ಮಾಡಿದರೆ ಅವರು ಹೇಳಿದ್ದು ಹೆಚ್ಚುಕಡಿಮೆ ನನ್ನ ಸಂಬಳವನ್ನೇ. ನನ್ನ ಹೆಂಡತಿ ಸುಮತಿ ಕಡಬ ಪೇಟೆಯ ಹೊಲಿಗೆ ಅಂಗಡಿಗೆ ಬಾಗಿಲು ಹಾಕಿದಳು. ಅವಳ ಸಂಪಾದನೆ ನಿಂತಿತು. ಫಿಸಿಯೋಥೆರಪಿಯವರು ಎರಡು ಸಲ ಬಂದರು, ಮೂರನೆಯ ಸಲ ನಾವೇ ಬೇಡವೆಂದೆವು. ಆ ‘ಬೇಡ’ ಹೇಳಿದ ದಿನ ನನಗೆ ಊಟ ಸೇರಲಿಲ್ಲ. ತಿಂಗಳುಗಳು ಜಾರುತ್ತಿದ್ದವು, ಆ ಕೈ ಹಾಗೇ ಸತ್ತು ಬಿದ್ದಿತ್ತು.

ಮಾತಿನಲ್ಲಿ ಒಂದೇ ಒಂದು ಶಬ್ದ ತಿರುಗಿ ಬಂದಿತ್ತು. ‘ಉಂಟು’. ಹಸಿವೆಯೇ ಎಂದರೆ ಉಂಟು. ನೋವೇ ಎಂದರೆ ಉಂಟು. ಇದಕ್ಕೆ ಅಫೇಸಿಯಾ ಎನ್ನುತ್ತಾರೆ, ಅರ್ಥ ಆಗುತ್ತದೆ, ಶಬ್ದ ಸಿಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಪುತ್ತೂರಿನಲ್ಲಿ ಒಂದು ದತ್ತಿ ಸಂಸ್ಥೆ ಇದೆಯೆಂದು ಕಾರ್ಖಾನೆಯಲ್ಲಿ ಯಾರೋ ಹೇಳಿದರು. ದಿಕ್ಕಿಲ್ಲದ ವೃದ್ಧರಿಗೆ ನರ್ಸನ್ನೂ ಫಿಸಿಯೋಥೆರಪಿಸ್ಟನ್ನೂ ಮನೆಗೇ ಕಳಿಸುತ್ತಾರೆ. ಅಲ್ಲಿಗೆ ಹೋದೆ. ಸರ್ಕಾರದ ಮಾಸಾಶನದ ಆದೇಶ ತನ್ನಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದರು. ಮಾಸಾಶನಕ್ಕೆ ದೊಡ್ಡಮ್ಮ ಕೆಲವು ವರ್ಷಗಳ ಹಿಂದೆ ಅರ್ಜಿ ಹಾಕಿದ್ದಳು. ಯಾಕೋ ಬಂದಿರಲಿಲ್ಲ. ಕೇಳಲು ತಾಲೂಕು ಕಚೇರಿಗೆ ಹೋದೆ.

ಅಲ್ಲಿನ ಗುಮಾಸ್ತರು ಕಂಪ್ಯೂಟರ್ ನೋಡಿ, ಅರ್ಜಿ ತಿರಸ್ಕೃತವಾಗಿದೆ ಎಂದರು. ದುಡಿಯುವ ಗಂಡುಮಕ್ಕಳು ಇದ್ದಾರೆ ಎಂದು ತನಿಖೆಯಲ್ಲಿ ಅರ್ಜಿದಾರರೇ ಹೇಳಿದ್ದಾರಂತೆ. ಮಕ್ಕಳು ಉಂಟಾ ಎಂದು ಕೇಳಿದ್ದಾರೆ. ಉಂಟು, ಮೂರು ಅಂದಿದ್ದಾಳೆ. ಅವಳು ಮತ್ತೆ ಎಂತ ಹೇಳಬೇಕಿತ್ತು?

ನನ್ನ ತಲೆ ಕೆಟ್ಟುಹೋಯಿತು. ಕಾರ್ಡ್ ತೋರಿಸಿದಾಗ ನಾನು ಅವಳ ಮಗನಲ್ಲ. ಮಾಸಾಶನ ಕೇಳಿದಾಗ ನಾನು ಅವಳ ಮಗ. ಎರಡೂ ಕಡೆ ಸೋಲುವುದು ಅವಳೇ. ನಾಚಿಕೆ ಬೇಡವೇ ಇವರಿಗೆ? ಅಲ್ಲೇ ನಿಂತು ಕಿರುಚಿದೆ. ಜನ ಸೇರಿದರು. ಗುಮಾಸ್ತರು ಮುಖ ಎತ್ತದೆ, ಹಾಗಾದರೆ ಹೊಸ ಅರ್ಜಿ ಹಾಕಿ, ತನಿಖೆಗೆ ಬರುತ್ತಾರೆ ಎಂದರು.

"ಆದರೆ ಮೊದಲು ಅವರೇ ಹೇಳಿದ್ದು ನೋಡಿ, ಈಗ್ಲೂ ಅವರೇ ಬಾಯಿಬಿಟ್ಟು ಇಲ್ಲ ಅಂತ ಹೇಳ್ಬೇಕು. ನೀವು ಹೇಳಿದ್ರೆ ಆಗುದಿಲ್ಲ ಮಾರಾಯ್ರೆ."

ಬಾಯಿಬಿಟ್ಟು.

ಜಾಲ್ಸೂರಿನಲ್ಲಿ ಬಸ್ ಕಂಡಕ್ಟರ್ ಆಗಿರುವ ದಿನೇಶ ವಿಷಯ ತಿಳಿದು ಓಡಿಬಂದ. ನಾವು ಬದುಕಿರುವಾಗಲೇ ಅವಳ ಬಾಯಿಂದ ಮಕ್ಕಳಿಲ್ಲ ಎಂದು ಹೇಳಿಸುತ್ತೀಯಾ, ನಿನಗೆ ಮಾನ ಇದೆಯಾ ಎಂದು ನನ್ನ ಮೇಲೆ ಹಾರಿದ. ನಾನು ಬಾಯಿ ತೆರೆಯುವ ಮೊದಲೇ ಸುಮತಿ ಒಳಗಿನಿಂದ ಬಂದಳು. ಕೈಯಲ್ಲಿ ಒದ್ದೆ ಬಟ್ಟೆ ಇತ್ತು.

"ನೀವು ಒಂದು ವಾರ ಇಲ್ಲಿ ನಿಂತು ಅವರ ಹೇಲು ಬಾಚಿ ದಿನೇಶಣ್ಣ. ಆಮೇಲೆ ಮಾನದ್ದು ಮಾತಾಡುವ."

ದಿನೇಶ ಅದೇ ಸಂಜೆ ಹೊರಟ. ಹೋಗುವಾಗ ದೊಡ್ಡಮ್ಮನ ಕಾಲು ಹಿಡಿದು ಅತ್ತ. ಅಳುವುದು ಸುಲಭ. ನನಗೆ ಅವನ ಮೇಲೆ ಈಗಲೂ ಕೋಪ ಇದೆ.

ಕಲಿಸಲು ಕೂತೆ. ಎದುರಿಗೆ ಕನ್ನಡಿ ಹಿಡಿದು, ತುಟಿ ತೋರಿಸಿ, ನಿಧಾನಕ್ಕೆ ಹೇಳಿಸಬೇಕೆಂದು ಆಸ್ಪತ್ರೆಯಲ್ಲಿ ತೋರಿಸಿಕೊಟ್ಟಿದ್ದರು. ಅವರು ತೋರಿಸಿದ್ದು ‘ನೀರು’, ‘ಅನ್ನ’ ಅನ್ನಿಸಲು. ನಾನು ಕೇಳಿದೆ, ದೊಡ್ಡಮ್ಮ, ಮಕ್ಕಳು ಉಂಟಾ? ಅರ್ಧ ಬಾಯಲ್ಲಿ ನಕ್ಕಳು. ಎಡಗೈ ಎತ್ತಿ ನನ್ನ ಕೆನ್ನೆ ಮುಟ್ಟಿ, ಉಂಟು ಅಂದಳು. ಇಲ್ಲ ಅನ್ನಬೇಕು ಅಂದೆ. ಉಂಟು ಅಂದಳು. ಮತ್ತೆ ಮತ್ತೆ ಕೇಳಿದೆ, ಪ್ರತಿ ಸಲವೂ ಹೆಚ್ಚು ಪ್ರೀತಿಯಿಂದ ಉಂಟು ಅಂದಳು. ಕೊನೆಗೆ ನಾನು ಜೋರಾಗಿ ಗದರಿದೆ.

ಅವಳ ಕೈ ಕೆಳಗೆ ಹೋಯಿತು.

ಸುಮತಿ ಕನ್ನಡಿ ಕಿತ್ತುಕೊಂಡಳು. ಅವಳೇ ಹತ್ತಿರ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು: ಕಾರ್ಡಿನ ವಿಷಯ, ಮಾಸಾಶನ, ಕೈ ಬರಬೇಕಾದರೆ ನರ್ಸು ಬೇಕು, ಕಚೇರಿಯವರ ಎದುರು ಒಂದು ಸಲ ಹೇಳಿದರೆ ಸಾಕು, ಅದು ಬರೀ ಕಾಗದಕ್ಕೆ. ದೊಡ್ಡಮ್ಮ ಕೇಳಿದಳು. ಅರ್ಥ ಆಗುತ್ತದಲ್ಲ, ಅದೇ ಕಷ್ಟ. ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಮಾರನೆಯ ದಿನದಿಂದ ಅವಳಾಗಿಯೇ ಎಡಗೈ ತೋರಿಸಿ ಕನ್ನಡಿ ಕೇಳತೊಡಗಿದಳು. ಹಟ ಹಿಡಿದು ಕಲಿತಳು. ನಾವು ಹಸಿದಿದ್ದೇವೆಂದು ಗೊತ್ತಾದರೆ ಮಳೆಯಲ್ಲೂ ಕೂಲಿಗೆ ಹೋಗುತ್ತಿದ್ದವಳು. ನಾಲಗೆ ಮೇಲಕ್ಕೆ ಹೋಗುತ್ತಿರಲಿಲ್ಲ, ಜೊಲ್ಲು ಸುರಿಯುತ್ತಿತ್ತು. ಕೊನೆಗೊಂದು ದಿನ ಬಂತು. ಇಲ್ಲ. ಸ್ಪಷ್ಟವಾಗಿ. ಸ್ಟ್ರೋಕ್ ಆದ ಮೇಲೆ ಅವಳು ಗಳಿಸಿದ ಮೊದಲ ಹೊಸ ಮಾತು ಅದು. ಬೇರೆ ಯಾವ ಮನೆಯಲ್ಲಾದರೂ ಪಾಯಸ ಮಾಡುತ್ತಿದ್ದರು.

ತನಿಖೆಗೆ ಬಂದ ಅಧಿಕಾರಿ ಘಟ್ಟದ ಮೇಲಿನ ಕಡೆಯ ಹೆಣ್ಣುಮಗಳು. ಕೆಟ್ಟವಳಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು, ಮಂಚದ ಬದಿಯಲ್ಲಿ ನಿಂತು ಮೊಬೈಲು ಹಿಡಿದಳು. ಹೆಸರು, ಪ್ರಾಯ ಎಲ್ಲ ನನ್ನಿಂದ ಬರೆದುಕೊಂಡಳು. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ, ಮಕ್ಕಳಿದಾರೇನಜ್ಜಿ ಎಂದು ಕೇಳಿದಳು.

ದೊಡ್ಡಮ್ಮ ನನ್ನನ್ನು ನೋಡಲಿಲ್ಲ. ಗೋಡೆ ನೋಡಿದಳು.

"ಇಲ್ಲ."

ಮುಗಿಯಿತು ಅಂದುಕೊಂಡೆ. ಅಧಿಕಾರಿ ಮೊಬೈಲು ತಿರುಗಿಸಿ ನೋಡಿ ನಾಲಗೆ ಕಚ್ಚಿಕೊಂಡಳು.

"ಇನ್ನೊಂದ್ಸಲ ಹೇಳಿ ಅಜ್ಜಿ, ರೆಕಾರ್ಡ್ ಆಗಿಲ್ಲ."

ಸುಮತಿ ಎದ್ದು ಅಡುಗೆಮನೆಗೆ ಹೋದಳು. ದೊಡ್ಡಮ್ಮ ಇನ್ನೊಂದು ಸಲ ಹೇಳಿದಳು.

ಮಾಸಾಶನ ಮಂಜೂರಾಯಿತು. ದತ್ತಿ ಸಂಸ್ಥೆಯವರು ಮಾತಿಗೆ ತಪ್ಪಲಿಲ್ಲ. ನರ್ಸು ಬರುತ್ತಾರೆ, ಫಿಸಿಯೋಥೆರಪಿಸ್ಟ್ ಬರುತ್ತಾರೆ. ಸುಮತಿ ಅರ್ಧ ದಿನ ಅಂಗಡಿ ತೆರೆಯುತ್ತಾಳೆ. ಬಲಗೈ ಈಗ ಲೋಟ ಹಿಡಿಯುತ್ತದೆ, ಬೆರಳುಗಳು ಮಡಚುತ್ತವೆ. ಉಪಕಾರ ಮಾಡಿದವರನ್ನು ಮರೆಯುವವನು ನಾನಲ್ಲ. ಆ ಅಧಿಕಾರಿ ಹೆಣ್ಣುಮಗಳನ್ನೂ ನೆನೆಯುತ್ತೇನೆ, ಬೇಗ ಕೆಲಸ ಮಾಡಿಕೊಟ್ಟಳು. ಆದರೆ ಕೋಪ ಇಳಿದಿದೆಯೇ ಎಂದು ಕೇಳಿದರೆ, ಇಲ್ಲ. ಮುದುಕಿಯೊಬ್ಬಳಿಗೆ ಒಬ್ಬ ನರ್ಸ್ ಸಿಗಬೇಕಾದರೆ ಅವಳು ಜೀವಮಾನವಿಡೀ ಮಾಡಿದ್ದನ್ನು ಇಲ್ಲವೆನ್ನಬೇಕು ಎಂದಾದರೆ, ಆ ಕೋಪ ಇರಲಿ. ಯಾರಾದರೊಬ್ಬರಿಗೆ ಇರಬೇಕು.

ಕಳೆದ ವಾರ ನೆರೆಮನೆಯ ರೋಸಿಬಾಯಿ ಹಲಸಿನ ಹಣ್ಣು ಹಿಡಿದುಕೊಂಡು ನೋಡಲು ಬಂದರು. ಮಂಚದಲ್ಲೇ ಕೂತು, ಹೆಗಲು ಸವರಿ, ನಮ್ಮ ಕಡೆ ಎಲ್ಲರೂ ಕೇಳುವ ಮಾತನ್ನೇ ಕೇಳಿದರು.

"ಎಂತ ಅಕ್ಕ, ಮಕ್ಕಳು ಚಂದ ನೋಡಿಕೊಳ್ತಾರಾ?"

ದೊಡ್ಡಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು, ಗೋಡೆ ನೋಡಿ, ಇಲ್ಲ ಅಂದಳು. ಆಮೇಲೆ ನನ್ನ ಕಡೆ ತಿರುಗಿ, ಸರಿಯಾಗಿ ಹೇಳಿದೆನಾ ಎಂದು ನನ್ನ ಮುಖ ನೋಡಿದಳು.

ಸರಿ ಎಂದು ತಲೆಯಾಡಿಸಿದೆ.